ನಾಲ್ಕನೇ ಚೇಂಬರ್ ಇಪ್ಪತ್ತು ಸಲ ಬಾಗಿಲು ಬಡಿಯಿತು

ಆ ಬೆಳಿಗ್ಗೆ ಕೋಣೆಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಕಿಟಕಿಗೆ ಬೆನ್ನು ಮಾಡಿ, ಸ್ಟೀಲ್ ಫ್ಲಾಸ್ಕು ಮುಂದಿಟ್ಟುಕೊಂಡು ಕುಳಿತವರು ದಸ್ತಗೀರ್ ಅಣ್ಣ. ಊರು ವಿಜಯಪುರದ ಕಡೆ, ಸಂಸ್ಥೆಯ ನೆಟ್‌ವರ್ಕ್ ಪೂರ್ತಿ ಅವರ ಕೈಯಲ್ಲಿತ್ತು. ಎದುರಿಗೆ ಹೆರ್ ವೋಲ್ಟರ್ಸ್, ಮಂಗಳವಾರ ಮತ್ತು ಗುರುವಾರ ಮಾತ್ರ ಸೈಕಲ್ ಮೇಲೆ ಬರುತ್ತಿದ್ದ ಡಾಟೆನ್‌ಶುಟ್ಸ್ ಅಧಿಕಾರಿ. ಜನರ ಖಾಸಗಿ ಮಾಹಿತಿ ಯಾರ ಕೈಗೂ ಸಿಗದಂತೆ ಕಾಯುವುದು ಅವರ ಕೆಲಸ. ಕುರ್ಚಿ ಖಾಲಿ ಇದ್ದರೂ ಬಾಗಿಲಲ್ಲೇ ನಿಂತವಳು ಆಂಕೆ, ಜೋಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಎತ್ತರದ ಹುಡುಗಿ. ನಾಲ್ಕನೆಯವಳು ನಾನು, ಗದಗಿನ ಸುಮಂಗಲಾ. ಕೆಲಸಕ್ಕೆ ಸೇರಿ ಎರಡೇ ತಿಂಗಳು. ಜರ್ಮನಿಯಲ್ಲಿ ಪ್ರೋಬೆಟ್ಸೈಟ್ ಅನ್ನುವ ಆರು ತಿಂಗಳ ಪರೀಕ್ಷೆಯ ಅವಧಿಯಲ್ಲಿ ಉಸಿರನ್ನೂ ಕೇಳಿ ಬಿಡುತ್ತಿದ್ದೆ.

ಇದೆಲ್ಲ ಈಗ ನೆನಪಾದದ್ದು ಒಂದು ವಾಸನೆಯಿಂದ. ಈಗ ನಾನಿರುವುದು ದಕ್ಷಿಣ ಜರ್ಮನಿಯ ಗಾರ್ಕಿಂಗ್‌ನಲ್ಲಿ. ಯು-ಬಾನ್ ರೈಲು ಇಳಿದು ಆಫೀಸಿಗೆ ನಡೆಯುವ ದಾರಿಯಲ್ಲಿ ಮೆಕ್ಕೆಜೋಳದ ಹೊಲವಿದೆ, ಹೋದ ವಾರ ಕೊಯ್ದರು. ಹಸಿ ದಂಟು ಕತ್ತರಿಸಿದಾಗ ಬರುವ ಸಿಹಿ ವಾಸನೆ ಮೂಗಿಗೆ ತಾಕಿದ್ದೇ ತಡ, ಕಾಲು ನಿಂತವು. ಹ್ಯಾನೋವರ್‌ನ ಆ ಸಣ್ಣ ಬೀಜ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿ, ಆ ಚಳಿಗಾಲ, ದಸ್ತಗೀರ್ ಅಣ್ಣನ ಕೈಯಲ್ಲಿನ ಮಡಿಸಿದ ಹಾಳೆ, ಎಲ್ಲ ಒಮ್ಮೆಲೇ ಬಂದವು.

ಜರ್ಮನಿಯಲ್ಲಿ ಎಲ್ಲಿಯ ಜೋಳ ಎಂದು ನಾನೂ ಮೊದಲು ನಕ್ಕಿದ್ದೆ. ಅಲ್ಲಿಯ ಬೇಸಿಗೆಗಳು ಈಗ ಒಣಗುತ್ತಿವೆ, ನೀರು ಕಡಿಮೆ ಕೇಳುವ ಬೆಳೆ ರೈತರಿಗೆ ಬೇಕಾಗಿದೆ. ಆದರೆ ಜೋಳಕ್ಕೆ ಅಲ್ಲಿಯ ಏಪ್ರಿಲ್ ಆಗಿಬರುವುದಿಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಆಲಿಕಲ್ಲು, ಸಂಜೆ ಮತ್ತೆ ಬಿಸಿಲು. ಆ ಏಪ್ರಿಲ್ ತಡೆಯುವ ಸಸಿ ಯಾವುದು ಎಂದು ಹುಡುಕುವುದೇ ಆಂಕೆಯ ಮೂರು ವರ್ಷದ ಕೆಲಸ. ಅದಕ್ಕೆ ಮೂರನೇ ಮಹಡಿಯಲ್ಲಿ ಒಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇತ್ತು, ನಾಲ್ಕನೇ ಚೇಂಬರ್. ಅದು ಗಂಟೆಗೊಮ್ಮೆ ಇಂಟರ್ನೆಟ್ಟಿನಲ್ಲಿ ಹವಾಮಾನ ಕೇಂದ್ರವೊಂದನ್ನು ಕೇಳುತ್ತಿತ್ತು: ಹೋದ ಏಪ್ರಿಲ್‌ನಲ್ಲಿ ಇಂಥ ದಿನ ಇಂಥ ಗಂಟೆಗೆ ಹೊಲದಲ್ಲಿ ಎಷ್ಟು ಡಿಗ್ರಿ ಇತ್ತು? ಉತ್ತರ ಬಂದಷ್ಟೇ ತಂಪನ್ನು ಒಳಗಿನ ಸಸಿಗಳಿಗೆ ಕೊಡುತ್ತಿತ್ತು.

"ಇದು ನನ್ನ ಕೊನೆಯ ಬಿತ್ತನೆ" ಎಂದಳು ಆಂಕೆ ಬಾಗಿಲಲ್ಲೇ ನಿಂತು. "ವಸಂತಕ್ಕೆ ನನ್ನ ಕರಾರು ಮುಗಿಯುತ್ತೆ. ನೀವು ಏನು ಬೇಕಾದರೂ ಬದಲಾಯಿಸಿ. ನನ್ನ ಪೆಟ್ಟಿಗೆಗೆ ತನ್ನ ಏಪ್ರಿಲ್ ಸಿಗ್ತಾ ಇರಬೇಕು."

ನಾವು ಬದಲಾಯಿಸಲು ಹೊರಟಿದ್ದು ಪ್ರಾಕ್ಸಿ ಸರ್ವರನ್ನು. ಒಳಗಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕುಳಿತ ಬಾಗಿಲ ಕಾವಲುಗಾರ ಅದು. ಅಲ್ಲಿಯವರೆಗೆ ಅದು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅತಿಥಿಗಳು ಬಂದು ಹೋಗುವ ಜಾಗದಲ್ಲಿ ಅದು ಸರಿಯಲ್ಲ, ಇನ್ನು ಮುಂದೆ ಹೊರಗೆ ಹೋಗುವವರು ಮೊದಲು ಲಾಗಿನ್ ಪುಟಕ್ಕೆ ಹೋಗಬೇಕು, ಹೆಸರು ಹೇಳಿ ಒಪ್ಪಿಗೆ ಕೊಟ್ಟು ಮುಂದೆ ಸಾಗಬೇಕು ಎಂಬುದು ಹೆರ್ ವೋಲ್ಟರ್ಸ್ ಹಟ.

ಎಲ್ಲರ ಮಾತು ಮುಗಿಯುವವರೆಗೆ ದಸ್ತಗೀರ್ ಅಣ್ಣ ಚಹ ಕುಡಿಯುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು.

"ತಂಗಿ, ಈ ಬಿಲ್ಡಿಂಗ್‌ನ್ಯಾಗ ಬಾಯಿಲ್ಲದವು ಎಷ್ಟ್ ಅದಾವು?"

"ಅಂದ್ರ?"

"ಮನಷ್ಯಾಗ ಲಾಗಿನ್ ಪೇಜ್ ತೋರ್ಸಿದ್ರ ಪಾಸ್‌ವರ್ಡ್ ಹೊಡೀತಾನ. ಆಂಕೆನ ಪೆಟಗೀಗೆ ತೋರ್ಸಿದ್ರ ಅದೇನ್ ಮಾಡಬೇಕು? ಅದಕ್ಕೇನ್ ಕಣ್ಣೈತೇನು, ಕೈಯೈತೇನು?"

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಬಾಯಿಲ್ಲದವರ ಗತಿ ಏನು ಎಂದು ಅಜ್ಜಿಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮರುದಿನದಿಂದ ನಮ್ಮ ಸುತ್ತಾಟ ಶುರುವಾಯಿತು. ಯಾವ ಯಂತ್ರ ನೆಟ್‌ವರ್ಕಿನಲ್ಲಿದೆ ಎಂದು ಕುಳಿತಲ್ಲೇ ಪಟ್ಟಿ ತೆಗೆಯಬಹುದಿತ್ತು. ನಾನು ತೆಗೆದೂ ಕೊಟ್ಟೆ. ದಸ್ತಗೀರ್ ಅಣ್ಣ ಅದನ್ನು ಪ್ರಿಂಟ್ ಹಾಕಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, "ನಡಿ, ಅವುಗಳ ಮಾರೀ ನೋಡಿ ಬರೂಣು" ಎಂದರು. ದಿನವೂ ಹನ್ನೊಂದಕ್ಕೆ ಸರಿಯಾಗಿ ಮಹಡಿ ಹತ್ತುವುದು. ಒಂದೊಂದು ಯಂತ್ರದ ಮುಂದೆ ನಿಂತು, ಅದನ್ನು ನೋಡಿಕೊಳ್ಳುವವರನ್ನು ಕರೆದು, ಇದು ಹೊರಗೆ ಯಾರನ್ನು ಮಾತಾಡಿಸುತ್ತದೆ, ಯಾಕೆ, ಎಷ್ಟು ಹೊತ್ತಿಗೊಮ್ಮೆ, ಉತ್ತರ ಬರದಿದ್ದರೆ ಏನು ಮಾಡುತ್ತದೆ ಎಂದು ಕೇಳಿ ಬರೆದುಕೊಳ್ಳುವುದು. ಬೀಜ ಎಣಿಸುವ ಯಂತ್ರ ಇತ್ತು, ತೂಕದ ಯಂತ್ರ ಇತ್ತು. ಅಡುಗೆಮನೆಯ ಕಾಫಿ ಯಂತ್ರವೂ ತನ್ನ ಕಂಪನಿಗೆ ದಿನಕ್ಕೊಮ್ಮೆ ಸುದ್ದಿ ಕಳಿಸುತ್ತಿತ್ತು.

"ಇದನ್ನ ಬಿಡೂಣ್ರಿ ಅಣ್ಣಾ" ಎಂದೆ.

"ಬ್ಯಾಡವ್ವಾ. ಇದು ಬಂದಾದ್ರ ವೋಲ್ಟರ್ಸ್ ಸಾಹೇಬ್ರು ಯಾವುದಕ್ಕೂ ಸಹಿ ಹಾಕೂದಿಲ್ಲ."

ಹೊರಗೆ ನವೆಂಬರಿನ ಬೂದು ಆಕಾಶ, ನಾಲ್ಕಕ್ಕೇ ಕತ್ತಲು, ಮಳೆಯೂ ಅಲ್ಲ ಮಂಜೂ ಅಲ್ಲ ಎಂಬಂಥ ಜಿನುಗು. ಮೂರನೇ ಮಹಡಿಗೆ ಹೋದರೆ ಚೇಂಬರುಗಳ ಗಾಜಿನ ಹಿಂದೆ ಬಿಳಿ ಬೆಳಕು, ಹಸಿರು ಸಸಿ. ಆಂಕೆ ಒಮ್ಮೆ ಬಾಗಿಲು ತೆರೆದು ತೋರಿಸಿದಳು. ದಸ್ತಗೀರ್ ಅಣ್ಣ ಬಗ್ಗಿ ಮೂಸಿದರು. "ಆಹಾ, ನಮ್ಮ ಹೊಲ" ಎಂದರು. ಏನೆಂದರು ಎಂದು ಆಂಕೆ ಕೇಳಿದಾಗ, "ಚೆನ್ನಾಗಿ ಬಂದಿವೆ ಅಂದೆ" ಎಂದು ಜರ್ಮನ್‌ನಲ್ಲಿ ಹೇಳಿದರು.

ಪ್ರಾಕ್ಸಿಯ ನಿಯಮಗಳಿಗೆ ಒಂದು ಗುಣವಿದೆ. ಅದು ಮೇಲಿನಿಂದ ಕೆಳಗೆ ಒಂದೊಂದೇ ಓದುತ್ತಾ ಬರುತ್ತದೆ, ಮೊದಲು ಹೊಂದಿದ್ದನ್ನು ಪಾಲಿಸುತ್ತದೆ, ಅದರ ಕೆಳಗಿನದನ್ನು ಓದುವುದೇ ಇಲ್ಲ. ಹಾಗಾಗಿ ನಿಯಮದಷ್ಟೇ ಅದರ ಜಾಗವೂ ಮುಖ್ಯ. ಮೊದಲ ಸಲ ಪ್ರಯೋಗ ಮಾಡಿದಾಗ ನಾನು ಲಾಗಿನ್ ಆಗದವರನ್ನೆಲ್ಲ ತಡೆಯುವ ನಿಯಮವನ್ನು ಬರೆದೆ, ಲಾಗಿನ್ ಪುಟಕ್ಕೇ ದಾರಿ ಬಿಡುವುದನ್ನು ಮರೆತೆ. ಲಾಗಿನ್ ಪುಟಕ್ಕೆ ಹೋಗು ಎನ್ನುವುದು, ಹೋದರೆ ಲಾಗಿನ್ ಆಗಿಲ್ಲ ಎಂದು ಮತ್ತೆ ಅಲ್ಲಿಗೇ ಕಳಿಸುವುದು. ಬ್ರೌಸರ್ ಗಾಣದ ಎತ್ತಿನ ಹಾಗೆ ಸುತ್ತಿತು.

ದಸ್ತಗೀರ್ ಅಣ್ಣ ನಕ್ಕು, "ಕೀಲಿ ಒಳಗಿಟ್ಟು ಬಾಗಲಾ ಎಳಕೊಂಡೆಲ್ಲಾ ತಂಗಿ" ಎಂದರು. ಜರ್ಮನಿಗೆ ಹೊಸದಾಗಿ ಬಂದವರೆಲ್ಲ ಒಮ್ಮೆ ಮಾಡುವ ತಪ್ಪದು, ಎಳೆದರೆ ತಾನೇ ಬೀಗ ಬೀಳುವ ಬಾಗಿಲುಗಳು. ನಾನೂ ಮೊದಲ ತಿಂಗಳು ಚಪ್ಪಲಿಯಲ್ಲೇ ಹೊರಗೆ ನಿಂತಿದ್ದೆ.

ಕೊನೆಗೆ ನಿಂತ ಕ್ರಮ ಇದು. ಎಲ್ಲಕ್ಕಿಂತ ಮೇಲೆ ಲಾಗಿನ್ ಪುಟಕ್ಕೆ ದಾರಿ. ಅದರ ಕೆಳಗೆ ಬಾಯಿಲ್ಲದ ಯಂತ್ರಗಳ ಪಟ್ಟಿ, ಪ್ರತಿಯೊಂದರ ಮೇಲೂ ಅದರ ಹೆಸರು, ನೋಡಿಕೊಳ್ಳುವವರು, ಕಾರಣ. ಅದರ ಕೆಳಗೆ ಉಳಿದವರನ್ನೆಲ್ಲ ಲಾಗಿನ್ ಪುಟಕ್ಕೆ ಕಳಿಸುವ ನಿಯಮ. ಜನವರಿಯಲ್ಲಿ ಶುರು ಮಾಡಿದೆವು. ಒಂದು ದೂರೂ ಬರಲಿಲ್ಲ. ಕಾಫಿಯೂ ನಿಲ್ಲಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಹೆರ್ ವೋಲ್ಟರ್ಸ್ ಹೊರಡುವ ಮುನ್ನ ನಮ್ಮ ಕೋಣೆಗೆ ಬಂದರು. ಅತಿಥಿಯೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಬಾಯಿಲ್ಲದವುಗಳ ಪಟ್ಟಿಯಲ್ಲಿದ್ದ ತೂಕದ ಯಂತ್ರದ ಕೇಬಲ್ಲಿಗೆ ಚುಚ್ಚಿಕೊಂಡು ಲಾಗಿನ್ ಇಲ್ಲದೆ ಇಂಟರ್ನೆಟ್ ಬಳಸಿದ್ದರು. "ಇದು ಇವತ್ತೇ ಸರಿಯಾಗಬೇಕು" ಎಂದು ಹೇಳಿ ಹೆಲ್ಮೆಟ್ ಹಾಕಿಕೊಂಡು ಹೋದರು. ದಸ್ತಗೀರ್ ಅಣ್ಣ ಮಗಳ ಶಾಲೆಯ ಸಭೆಗೆಂದು ಎರಡಕ್ಕೇ ಹೊರಟಿದ್ದರು. ನಾನೊಬ್ಬಳೇ. ಲಾಗಿನ್ ನಿಯಮವನ್ನು ಪಟ್ಟಿಗಿಂತ ಮೇಲಕ್ಕೆ ಎತ್ತಿದರೆ ಆಯಿತಲ್ಲ, ಯಾರೂ ತಪ್ಪಿಸಿಕೊಳ್ಳುವುದಿಲ್ಲ ಎಂದುಕೊಂಡೆ. ಅಲ್ಲಿ ಒಬ್ಬರು ಬರೆದ ಬದಲಾವಣೆಯನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಅದಕ್ಕೆ ನಾಲ್ಕು ಕಣ್ಣಿನ ಪದ್ಧತಿ ಎನ್ನುತ್ತಾರೆ. ದಸ್ತಗೀರ್ ಅಣ್ಣನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನಿನಿಂದ ಒಪ್ಪಿಗೆ ಬಂತು. ಮೂರು ದಾಟಿ ಹತ್ತು ನಿಮಿಷಕ್ಕೆ ನಿಯಮ ಜಾರಿಯಾಯಿತು.

ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ, ಲಾಗಿನ್ ಪುಟ ಬಂತು. ತೂಕದ ಯಂತ್ರದ ಕೇಬಲ್ಲಿಗೆ ಹಾಕಿ ನೋಡಿದೆ, ಬಂತು. ಅತಿಥಿಗಳನ್ನು ಕೇಳಿದೆ, ಎಲ್ಲ ಸರಿ ಎಂದರು. ಬಾಯಿದ್ದವರನ್ನೆಲ್ಲ ಕೇಳಿ, ಸಮಾಧಾನದಿಂದ ಮನೆಗೆ ಹೋಗಿ ಅವಲಕ್ಕಿ ಹಚ್ಚಿಕೊಂಡು ತಿಂದೆ.

ಶುಕ್ರವಾರ ಹನ್ನೊಂದಕ್ಕೆ ದಸ್ತಗೀರ್ ಅಣ್ಣ ಎಂದಿನಂತೆ ಹಾಳೆ ಹಿಡಿದು ಮಹಡಿ ಹತ್ತಿದರು. ನಾನು ಹಿಂದೆ. ನಾಲ್ಕನೇ ಚೇಂಬರಿನ ಮುಂದೆ ನಿಂತವರು ಅಲ್ಲಾಡಲಿಲ್ಲ.

"ಮೂರು ಡಿಗ್ರಿ" ಎಂದರು. "ನಿನ್ನಿ ಮಧ್ಯಾಹ್ನ ನಾ ಹೋಗಾಗೂ ಮೂರ ಇತ್ತು."

ಕೆಳಗೆ ಓಡಿ ಬಂದು ಪ್ರಾಕ್ಸಿಯ ದಾಖಲೆ ತೆರೆದೆವು. ಗುರುವಾರ ಸಂಜೆ ನಾಲ್ಕಕ್ಕೆ ಚೇಂಬರ್ ತನ್ನ ಏಪ್ರಿಲ್ ಕೇಳಿದೆ, ಕಾವಲುಗಾರ ಪ್ರಾಕ್ಸಿ ಅದನ್ನು ಲಾಗಿನ್ ಪುಟಕ್ಕೆ ಕಳಿಸಿದೆ. ಐದಕ್ಕೆ ಕೇಳಿದೆ, ಕಳಿಸಿದೆ. ಆರಕ್ಕೆ, ಏಳಕ್ಕೆ, ರಾತ್ರಿಯೆಲ್ಲ. ಅಂಕಿ ಬರುವ ಜಾಗದಲ್ಲಿ "ಸ್ವಾಗತ, ನಿಮ್ಮ ಹೆಸರು ನಮೂದಿಸಿ" ಎಂಬ ಪುಟ ಬಂದರೆ ಪೆಟ್ಟಿಗೆ ಏನು ಮಾಡೀತು? ಕೊನೆಗೆ ಸಿಕ್ಕಿದ ಅಂಕಿಯನ್ನೇ ಹಿಡಿದು ಕುಳಿತಿತ್ತು. ಆ ಅಂಕಿ ಹೋದ ಏಪ್ರಿಲ್‌ನ ಒಂದು ಆಲಿಕಲ್ಲಿನ ಮಧ್ಯಾಹ್ನದ್ದು. ಹೊಲದಲ್ಲಿ ಆ ಚಳಿ ಎರಡು ಗಂಟೆ ಇತ್ತು.

ದಸ್ತಗೀರ್ ಅಣ್ಣ ಬೆರಳಿಟ್ಟು ಎಣಿಸಿದರು. "ಇಪ್ಪತ್ತು ಸಲ ಬಾಗಲಾ ಬಡದೈತಿ, ಪಾಪ."

ನಿಯಮವನ್ನು ಕೆಳಗಿಳಿಸಲು ಒಂದು ನಿಮಿಷ ಸಾಕಾಯಿತು. ತೂಕದ ಯಂತ್ರದ ಕೇಬಲ್ಲನ್ನು ಮಾತ್ರ ಸದ್ಯಕ್ಕೆ ಪಟ್ಟಿಯಿಂದ ತೆಗೆದೆ. ಏನೋ ಕರೆಂಟ್ ತೊಂದರೆ ಎಂದು ಆಂಕೆಗೆ ಅನ್ನಿಸಲಿ, ದೇವರೇ, ಎಂಬ ಕೆಟ್ಟ ಯೋಚನೆ ಬಂದದ್ದೂ ನಿಜ. ಬಾಯಿ ಬಿಟ್ಟು ಹೇಳಲಿಲ್ಲ. ದಸ್ತಗೀರ್ ಅಣ್ಣನಿಗೆ ಕೇಳಿಸಿತೋ ಏನೋ.

"ನಡಿ, ಹೋಗಿ ಹೇಳೂಣು" ಎಂದು ಎದ್ದರು. "ಆಕಿ ನಮ್ಮನ್ನ ಹುಡಕ್ಕೊಂಡ ಬರಬಾರದು. ನಾವ ಹೋಗಬೇಕು."

"ತಪ್ಪು ನಂದ್ರಿ ಅಣ್ಣಾ."

"ಎರಡು ಕಣ್ಣು ನಿಂದು. ಇನ್ನೆರಡು ಯಾರ್ದು? ನಾ ಟ್ರಾಮಿನ್ಯಾಗ ನಿಂತು ಒಂದ ಕೈಲೆ ಓಕೆ ಒತ್ತೇನಿ. ಅದನ್ನೂ ಹೇಳಬೇಕಲ್ಲ."

ಹಾಗೆಯೇ ಹೇಳಿದರು. ಟ್ರಾಮನ್ನೂ ಬಿಡಲಿಲ್ಲ. ಆಂಕೆ ಬೈಯಲಿಲ್ಲ. ನೋಟ್‌ಬುಕ್ ತೆಗೆದು, "ಎಷ್ಟು ಗಂಟೆ?" ಎಂದು ಕೇಳಿ ಬರೆದುಕೊಂಡಳು. ಚೇಂಬರ್ ತೆರೆದು ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಹತ್ತು ದಿನ ಬೇಕು, ಬದುಕುತ್ತವೋ ಇಲ್ಲವೋ ತಿಳಿಯೋಕೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ದಸ್ತಗೀರ್ ಅಣ್ಣ ಜುಮ್ಮಾ ನಮಾಜಿಗೂ ತಡವಾಗಿ ಹೋದರು.

ಪೆಟ್ಟು ಬಿದ್ದದ್ದು ಬುಧವಾರ. ಆಂಕೆ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಳು, ಯಾವತ್ತೂ ಕೂರದವಳು ಅವತ್ತೂ ಕೂರಲಿಲ್ಲ. ಸಸಿ ಬದುಕಿದರೂ ಈ ಬಿತ್ತನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಅವಳ ಪ್ರೊಫೆಸರ್ ಹೇಳಿದ್ದರು. ಚೇಂಬರಿನ ಸ್ವಂತ ದಾಖಲೆ ಹೊಸ ಅಂಕಿ ಬಂದಾಗ ಮಾತ್ರ ಬರೆದುಕೊಳ್ಳುತ್ತದೆ, ಆ ಇಪ್ಪತ್ತು ಗಂಟೆ ಖಾಲಿ. ಖಾಲಿ ಎಂದರೆ ಮೂರು ಡಿಗ್ರಿಯೂ ಇರಬಹುದು, ಪೆಟ್ಟಿಗೆ ಆರಿಹೋಗಿ ಕೋಣೆಯ ಬೆಚ್ಚಗೂ ಇರಬಹುದು. ಪುರಾವೆ ಇಲ್ಲದ ಚಳಿಯನ್ನು ಪ್ರಬಂಧದಲ್ಲಿ ಬರೆಯುವುದು ಹೇಗೆ?

"ಒಂದು ಚಳಿಗಾಲ ಪೂರ್ತಿ" ಎಂದಳು. "ಮತ್ತೆ ಬಿತ್ತೋಕೆ ಟೈಮ್ ಇಲ್ಲ."

ದಸ್ತಗೀರ್ ಅಣ್ಣ ಪ್ರಾಕ್ಸಿಯ ದಾಖಲೆ ತೆರೆದು, ಚೇಂಬರ್ ಕೇಳಿದ ಪ್ರಶ್ನೆಯ ಉದ್ದ ಸಾಲನ್ನು ಕೊನೆಯವರೆಗೆ ಸರಿಸಿದರು. ನಾನು ಆ ಸಾಲಿನ ಮೊದಲ ಅರ್ಧ ಮಾತ್ರ ಓದಿದ್ದೆ. ಹೊಸ ಅಂಕಿ ಕೊಡು ಎಂದು ಕೇಳುವಾಗ ಪೆಟ್ಟಿಗೆ ತನ್ನ ಈಗಿನ ಡಿಗ್ರಿಯನ್ನೂ ಜೊತೆಗೆ ಹೇಳುತ್ತಿತ್ತು. ನಾಲ್ಕು ಗಂಟೆ, ಮೂರು ಡಿಗ್ರಿ. ಐದು ಗಂಟೆ, ಮೂರು ಡಿಗ್ರಿ. ಇಪ್ಪತ್ತು ಸಾಲು, ಪ್ರತಿಯೊಂದಕ್ಕೂ ಸೆಕೆಂಡಿನವರೆಗೆ ಸಮಯ.

"ಬಾಯಿಲ್ಲ ಅಂದಿದ್ನಲ್ಲ" ಎಂದರು ಮೆಲ್ಲಗೆ. "ಒದರಿ ಒದರಿ ಹೇಳೇತಿ ನೋಡು."

ಆಂಕೆ ಕುರ್ಚಿ ಎಳೆದು ಕುಳಿತಳು. ಅವಳು ಆ ಕೋಣೆಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಆ ದಾಖಲೆಯನ್ನು ನಕಲು ಮಾಡುವ ಹಾಗಿರಲಿಲ್ಲ. ಯಾರು ಏನು ನೋಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಏಳು ದಿನಕ್ಕೆ ತಾನೇ ಅಳಿಯಬೇಕು, ಅಷ್ಟರೊಳಗೆ ಯಾರೂ ಎತ್ತಿಡಬಾರದು ಎಂಬ ನಿಯಮ ಹೆರ್ ವೋಲ್ಟರ್ಸ್‌ದು. ಗುರುವಾರ ಸಂಜೆ ನಾಲ್ಕಕ್ಕೆ ಮೊದಲ ಸಾಲು ಅಳಿಯುತ್ತಿತ್ತು.

"ಕಾಪಿ ಮಾಡಿಬಿಡ್ರಿ ಅಣ್ಣಾ. ಯಾರಿಗ್ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ಲ" ಎಂದರು. "ಬಾಗಲಾ ಕಾಯಾಂವ ಕಿಸೆ ತುಂಬ್ಕೊಂಡ್ರ ಬಾಗಲಾ ಯಾಕ ಬೇಕು? ನಾಳೆ ಸಾಹೇಬ್ರು ಬರ್ತಾರ. ಕೇಳೂಣು."

ಗುರುವಾರ ಬೆಳಿಗ್ಗೆ ಗಾಳಿ, ಅಡ್ಡ ಮಳೆ. ಒಂಬತ್ತಾಯಿತು, ಒಂಬತ್ತೂವರೆ ಆಯಿತು. ಈ ಹವೆಯಲ್ಲಿ ಸೈಕಲ್ ಮೇಲೆ ಯಾರು ಬರುತ್ತಾರೆ ಎಂದು ನಾನೂ ಆಂಕೆಯೂ ಕಿಟಕಿಗೆ ಅಂಟಿಕೊಂಡಿದ್ದೆವು. ಹತ್ತಕ್ಕೆ ಹೆರ್ ವೋಲ್ಟರ್ಸ್ ಹಳದಿ ರೇನ್‌ಕೋಟಿನಿಂದ ನೀರು ಸುರಿಸುತ್ತಾ ಒಳಗೆ ಬಂದರು. ಕೋಟು ತೆಗೆಯುವ ಮೊದಲೇ ದಸ್ತಗೀರ್ ಅಣ್ಣ ಅವರ ಕೈಗೆ ಚಹದ ಲೋಟ ಕೊಟ್ಟರು, ಆಮೇಲೆ ಅರ್ಜಿಯ ನಮೂನೆ.

ಹೆರ್ ವೋಲ್ಟರ್ಸ್ ಕನ್ನಡಕ ಒರೆಸಿಕೊಂಡು ಓದಿದರು. ಮೂರನೆಯ ಸಾಲಿನಲ್ಲಿ ನಿಂತರು. ಸಂಬಂಧಪಟ್ಟ ವ್ಯಕ್ತಿಯ ಹೆಸರು ಎಂದು ಅಲ್ಲಿ ಕೇಳಿತ್ತು. ದಸ್ತಗೀರ್ ಅಣ್ಣ ತುಂಬಿದ್ದರು: ನಾಲ್ಕನೇ ಚೇಂಬರ್.

"ಇದು ವ್ಯಕ್ತಿಯಲ್ಲ" ಎಂದರು ವೋಲ್ಟರ್ಸ್.

"ಖಾಲಿ ಬಿಟ್ಟರೆ ನೀವು ಅರ್ಜಿ ವಾಪಸ್ ಕೊಡುತ್ತೀರಿ."

"ಹೌದು, ಕೊಡುತ್ತೇನೆ." ತುಸು ಯೋಚಿಸಿದರು. "ಅದರ ಒಪ್ಪಿಗೆ ಪಡೆದಿದ್ದೀರಾ?"

ಒಂದು ಕ್ಷಣ ನಾನು ನಿಜವೆಂದೇ ಗಾಬರಿಯಾದೆ. ಆ ಮನುಷ್ಯ ನಗೆಚಾಟಿಕೆ ಮಾಡಿದ್ದನ್ನು ಅದಕ್ಕೆ ಮೊದಲು ನಾವ್ಯಾರೂ ಕಂಡಿರಲಿಲ್ಲ. ಆದರೂ ಇಪ್ಪತ್ತು ಸಾಲನ್ನೂ ಒಂದೊಂದಾಗಿ ಓದಿದರು, ಸಾಲಿನ ಕೊನೆಯವರೆಗೆ, ಮನುಷ್ಯರ ಹೆಸರು ಎಲ್ಲಿಯಾದರೂ ನುಸುಳಿದೆಯೇ ಎಂದು. ಅರ್ಧ ತಾಸು ಹಿಡಿಯಿತು. ಆಮೇಲೆ ಸಹಿ ಹಾಕಿ, ಕೆಳಗೆ ತಾವೇ ಒಂದು ಮಾತು ಸೇರಿಸಿದರು: ಹಿಂದಿನ ಗುರುವಾರ ಅವಸರ ಮಾಡಿದವನು ನಾನು. ಯಾರೂ ಕೇಳಿರಲಿಲ್ಲ.

ಅವರವರ ಕೆಲಸದಲ್ಲಿ ಅವರವರು ಎಷ್ಟು ನೇರ ನಿಲ್ಲಬಹುದು ಎಂದು ನಾನು ಕಲಿತದ್ದು ಆ ಬೆಳಿಗ್ಗೆ. ಬೇಕಿದ್ದ ಇಪ್ಪತ್ತು ಸಾಲು ದಸ್ತಗೀರ್ ಅಣ್ಣನ ಬೆರಳ ತುದಿಯಲ್ಲೇ ಇದ್ದವು. ರಾತ್ರಿಯೆಲ್ಲ ಕಾದರು, ಮುಟ್ಟಲಿಲ್ಲ. ನಮ್ಮಜ್ಜಿ ಇದ್ದಿದ್ದರೆ ಇಂಥವರ ಕೈಯಲ್ಲಿ ಮನೆಯ ಕೀಲಿ ಕೊಟ್ಟು ಜಾತ್ರೆಗೆ ಹೋಗಬಹುದು ಎನ್ನುತ್ತಿದ್ದಳು.

ಹತ್ತನೆಯ ದಿನ ಆಂಕೆ, ದಸ್ತಗೀರ್ ಅಣ್ಣ, ನಾನು ಮೂವರೂ ನಾಲ್ಕನೇ ಚೇಂಬರಿನ ಮುಂದೆ ನಿಂತೆವು. ಒಂದು ತಟ್ಟೆಯ ಸಸಿಗಳು ಪೂರ್ತಿ ಬೆಳ್ಳಗಾಗಿ ಮಲಗಿದ್ದವು. ಉಳಿದವುಗಳ ಹಳೆ ಎಲೆಗಳ ಅಂಚು ಸುಟ್ಟಿತ್ತು, ಆದರೆ ನಡುವಿನಿಂದ ಹೊಸ ಸುಳಿ ಹಸಿರಾಗಿ ಎದ್ದಿತ್ತು. ಆಂಕೆ ಎಣಿಸಿ ಬರೆದುಕೊಂಡಳು. ಸತ್ತ ತಟ್ಟೆಯನ್ನೂ ಬಿಡದೆ ಬರೆದುಕೊಂಡಳು. ಪ್ರೊಫೆಸರ್ ಇಪ್ಪತ್ತು ಸಾಲು ನೋಡಿ ಒಪ್ಪಿದರು. ಇಷ್ಟು ಗಂಟೆ ಇಷ್ಟು ಚಳಿ ಯೋಜನೆಗೆ ಹೊರತಾಗಿ ಬಿತ್ತು ಎಂದು ಪ್ರಬಂಧದಲ್ಲಿ ಬರೆದು, ದಾಖಲೆಯನ್ನು ಕೊನೆಗೆ ಲಗತ್ತಿಸಲು ಹೇಳಿದರು. ನನ್ನ ಪ್ರೋಬೆಟ್ಸೈಟ್ ಕೂಡ ಮುಗಿಯಿತು. ಅದರ ವರದಿಯಲ್ಲಿ ದಸ್ತಗೀರ್ ಅಣ್ಣ ನನ್ನ ತಪ್ಪನ್ನೂ ಬರೆದಿದ್ದರು, ಅದನ್ನು ಹೋಗಿ ಹೇಳಿದ್ದನ್ನೂ ಬರೆದಿದ್ದರು. ಮಾತು ಪೂರ್ತಿ ನಿಜವಲ್ಲ, ಕರೆದುಕೊಂಡು ಹೋದವರು ಅವರು.

ಮರುವರ್ಷದ ಬೇಸಿಗೆಯಲ್ಲಿ, ನಾನು ಗಾರ್ಕಿಂಗ್‌ಗೆ ಬಂದ ಮೇಲೆ, ಆಂಕೆಯ ಕೊನೆಯ ಪರೀಕ್ಷೆ ಇದೆ ಎಂದು ಕರೆ ಬಂತು. ಹೋದೆ. ಪಿಎಚ್‌ಡಿ ಮುಗಿಸಿದವರಿಗೆ ಸಹೋದ್ಯೋಗಿಗಳು ರಟ್ಟಿನ ದೊಡ್ಡ ಟೋಪಿ ಮಾಡಿ ತೊಡಿಸುವ ಪದ್ಧತಿ ಅಲ್ಲಿದೆ. ಕಷ್ಟಪಟ್ಟ ವರ್ಷಗಳ ಗುರುತುಗಳನ್ನೆಲ್ಲ ಅದರ ಮೇಲೆ ಅಂಟಿಸುತ್ತಾರೆ. ಆಂಕೆಯ ಟೋಪಿಯ ಮೇಲೆ ಒಂದು ಥರ್ಮಾಮೀಟರ್ ಇತ್ತು, ಕಾಫಿ ಲೋಟ ಇತ್ತು, ನಡುವೆ ಬೆಂಕಿಪೊಟ್ಟಣದಷ್ಟು ಒಂದು ರಟ್ಟಿನ ಬಾಗಿಲು. ಅದನ್ನು ಮಾಡಿದವರು ಹೆರ್ ವೋಲ್ಟರ್ಸ್. ಆಂಕೆ ಉಗುರಿನಿಂದ ಬಾಗಿಲು ತೆರೆದಳು. ಒಳಗೆ ಆ ಬಿತ್ತನೆಯ ಸಸಿಯಿಂದ ಗಾಜಿನಮನೆಯಲ್ಲಿ ಬೆಳೆದ ಜೋಳದ ಒಂದು ಪುಟ್ಟ ತೆನೆ ಇತ್ತು.

ಅವಳು ಟೋಪಿ ಹಾಕಿಕೊಂಡಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕು ಬಂತು. ದಸ್ತಗೀರ್ ಅಣ್ಣ ಗಡಿಯಾರ ನೋಡಿದರು. ಹನ್ನೊಂದಾಗಿತ್ತು. ಕೇಕಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಮಹಡಿ ಹತ್ತಿ ಹೋದರು.